ಬಿಡುವುದಕ್ಕೂ ಶಕ್ತಿ ಬೇಕು

ನಮ್ಮೂರ ಪ್ರೌಢಶಾಲೆಯ ಸಭಾಂಗಣದಲ್ಲಿ ಒಂದು ಭಾನುವಾರ ಸಂಜೆ ಸ್ನಾಯುಗಳ ಬಗ್ಗೆ ಮಾತಾಡಿದ್ದೆ. ಬಂದಿದ್ದವರಲ್ಲಿ ಮಕ್ಕಳಿದ್ದರು, ಹೊಲದ ಕೆಲಸ ಮುಗಿಸಿ ಬಂದವರಿದ್ದರು, ಮಂಡಿನೋವಿನ ಹಿರಿಯರಿದ್ದರು. ಅಂದು ಆಡಿದ ಮಾತನ್ನೇ ಇಲ್ಲಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಕೆಲಸ ಹೇಳುತ್ತೇನೆ, ಕೂತಲ್ಲೇ ಮಾಡಿ. ಎಡಗೈಯಿಂದ ಬಲರಟ್ಟೆಯನ್ನು ಹಿಡಿದುಕೊಳ್ಳಿ. ಒಂದು ಕಡೆ ಹೆಬ್ಬೆರಳು, ಇನ್ನೊಂದು ಕಡೆ ಉಳಿದ ಬೆರಳು. ಈಗ ಬಲಗೈಯಲ್ಲಿ ನಿಮ್ಮ ಚೀಲವನ್ನೋ ನೀರಿನ ಬಾಟಲಿಯನ್ನೋ ಹಿಡಿದು ಮೊಣಕೈ ಮಡಚಿ ಮೇಲೆತ್ತಿ. ರಟ್ಟೆಯ ಮುಂಭಾಗ ಉಬ್ಬಿ ಗಟ್ಟಿಯಾಯಿತಲ್ಲ? ಈಗ ಚೀಲ ಕೆಳಗಿಟ್ಟು ಅದೇ ಅಂಗೈಯಿಂದ ಬೆಂಚನ್ನು ಕೆಳಕ್ಕೆ ಒತ್ತಿ. ಮುಂಭಾಗ ಮೆತ್ತಗಾಯಿತು, ಹಿಂಭಾಗ ಗಟ್ಟಿಯಾಯಿತು.

ನೀವು ಬೆಂಚನ್ನು ತಳ್ಳಿದಿರಿ. ಆದರೆ ನಿಮ್ಮ ಸ್ನಾಯು ತಳ್ಳಲಿಲ್ಲ, ಎಳೆಯಿತು. ರಟ್ಟೆಯ ಹಿಂದಿನ ಸ್ನಾಯು ಮೊಣಕೈಯ ತುದಿಮೂಳೆಯನ್ನು ಮೇಲಕ್ಕೆ ಎಳೆಯಿತು, ಅದರಿಂದ ಕೈ ನೀಳವಾಯಿತು, ಬೆಂಚಿನ ಮೇಲೆ ಒತ್ತಡ ಬಿತ್ತು. ಕೆಟ್ಟು ನಿಂತ ಬೈಕನ್ನು ತಳ್ಳುವಾಗಲೂ ಅಷ್ಟೇ, ಬಾಗಿಲು ದೂಡುವಾಗಲೂ ಅಷ್ಟೇ. ಮೂಳೆಗಳಿಗೆ ಅಂಟಿಕೊಂಡ ಸ್ನಾಯುಗಳು ನಮ್ಮ ಮೈಯಲ್ಲಿ 600ಕ್ಕೂ ಹೆಚ್ಚಿವೆ. ತೂಕದ ಲೆಕ್ಕದಲ್ಲಿ ದೇಹದ ಸುಮಾರು ಶೇಕಡ 40. ಅವುಗಳಲ್ಲಿ ಒಂದಕ್ಕೂ ತಳ್ಳಲು ಬರುವುದಿಲ್ಲ. ಗೊತ್ತಿರುವುದು ಎಳೆಯುವುದು, ಆಮೇಲೆ ಬಿಡುವುದು. ಎಳೆಯುವುದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಾನು ಇವತ್ತು ಹೆಚ್ಚು ಮಾತಾಡುವುದು ಬಿಡುವುದರ ಬಗ್ಗೆ. ಇಪ್ಪತ್ತು ವರ್ಷಗಳಿಂದ ಫಿಸಿಯೋಥೆರಪಿಸ್ಟ್ ಆಗಿ ಜನರ ಕೈಕಾಲು ಹಿಡಿದು ಕೆಲಸ ಮಾಡುತ್ತಿದ್ದೇನೆ. ಎಳೆಯಲಾಗದವರು ಎಷ್ಟು ಜನ ಬರುತ್ತಾರೋ, ಬಿಡಲಾಗದವರೂ ಅಷ್ಟೇ ಜನ ಬರುತ್ತಾರೆ.

ಹೆಸರಿನ ಬಗ್ಗೆ ಒಂದು ಮಾತು. ನಾವು ಕನ್ನಡದಲ್ಲಿ ಸ್ನಾಯು ಎನ್ನುವುದನ್ನು ಸುಶ್ರುತ ಸಂಹಿತೆ ಪೇಶಿ ಎಂದು ಕರೆದು, ಅವು 500 ಎಂದು ಎಣಿಸಿದೆ. ಅಲ್ಲಿ ಸ್ನಾಯು ಎಂದರೆ ಕೀಲುಗಳನ್ನು ಬಿಗಿಯುವ ನಾರಿನಂಥ ಕಟ್ಟು, ಅವು 900. ಕನ್ನಡಕ್ಕೆ ಬರುವಾಗ ಅರ್ಥ ಜರುಗಿದೆ. ಊರಲ್ಲಂತೂ ಸ್ನಾಯು ನೋಯುತ್ತದೆ ಎಂದು ಯಾರೂ ಹೇಳುವುದಿಲ್ಲ, ನರ ಹಿಡಿದುಕೊಂಡಿದೆ ಎನ್ನುತ್ತಾರೆ. ಹತ್ತರಲ್ಲಿ ಎಂಟು ಸಲ ಅದು ನರವಲ್ಲ, ಸ್ನಾಯುವೇ. ಆದರೆ ನಮ್ಮಲ್ಲೊಂದು ಸೊಗಸಾದ ಹೆಸರಿದೆ: ಮೀನಖಂಡ. ಕಾಲಿನ ಹಿಂಬದಿಯಲ್ಲಿ, ಮೊಣಕಾಲಿಗಿಂತ ಕೆಳಗೆ, ಹಿಮ್ಮಡಿಗಿಂತ ಮೇಲೆ, ನಡುವೆ ಉಬ್ಬಿ ಎರಡೂ ತುದಿಗೆ ಸಣ್ಣಗಾಗುವ ಆ ಖಂಡವನ್ನು ನೋಡಿ ನಮ್ಮವರಿಗೆ ಮೀನು ನೆನಪಾಯಿತು. ಲ್ಯಾಟಿನ್ ಆಡುವವರಿಗೆ ಚರ್ಮದಡಿ ಓಡಾಡುವ ಸ್ನಾಯು ಪುಟ್ಟ ಇಲಿಯ ಹಾಗೆ ಕಂಡಿತು, ಇಂಗ್ಲಿಷಿನ ಮಸಲ್ ಎಂಬ ಪದ ಆ ಇಲಿಯಿಂದಲೇ ಬಂದದ್ದು. ನನಗೆ ಮೀನೇ ಹೆಚ್ಚು ಸರಿ ಅನ್ನಿಸುತ್ತದೆ.

ಎಳೆಯುವ ಲೆಕ್ಕ ಸ್ವಲ್ಪ ನೋಡೋಣ. ಮೊಣಕೈ ಮಡಚುವ ಸ್ನಾಯು ಮುಂಗೈ ಮೂಳೆಗೆ ಅಂಟಿಕೊಂಡಿರುವುದು ಕೀಲಿನಿಂದ ಬರೀ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ. ನೀವು ಭಾರ ಹಿಡಿಯುವ ಅಂಗೈ ಇರುವುದು ಸುಮಾರು 35 ಸೆಂಟಿಮೀಟರ್ ದೂರದಲ್ಲಿ. ಏತ ನೋಡಿದ ಹಿರಿಯರಿಗೆ ಇದರ ಪರಿಣಾಮ ಕೂಡಲೇ ಹೊಳೆಯುತ್ತದೆ. ಮೊಣಕೈ ಮಡಚಿ 5 ಕಿಲೋ ಅಕ್ಕಿ ಹಿಡಿದು ನಿಂತರೆ, ಒಳಗಿನ ಸ್ನಾಯು ಅದರ ಏಳೆಂಟು ಪಟ್ಟು, ಅಂದರೆ 35–40 ಕಿಲೋ ತೂಗುವಷ್ಟು ಬಲದಿಂದ ಎಳೆಯಬೇಕು. ಇದು ನಷ್ಟದ ವ್ಯವಹಾರವಲ್ಲ. ಸ್ನಾಯು ಒಂದೆರಡು ಸೆಂಟಿಮೀಟರ್ ಕುಗ್ಗಿದರೆ ಸಾಕು, ಅಂಗೈ ಅಷ್ಟೇ ಹೊತ್ತಿನಲ್ಲಿ ಒಂದು ಗೇಣು ಸರಿಯುತ್ತದೆ. ಬಲ ತೆತ್ತು ವೇಗ ಕೊಂಡುಕೊಂಡಿದ್ದೇವೆ. ಕವಣೆ ಬೀಸುವುದು, ಕುಡುಗೋಲು ಆಡಿಸುವುದು, ಚೆಂಡು ಎಸೆಯುವುದು ಎಲ್ಲವೂ ಆ ವೇಗದ ಮೇಲೆ ನಿಂತಿವೆ.

ಈಗ ಒಳಗೆ ಹೋಗೋಣ. ತೆಂಗಿನ ನಾರಿನ ಹಗ್ಗ ಬಿಚ್ಚಿ ನೋಡಿದ್ದೀರಿ. ಹಗ್ಗದೊಳಗೆ ಹುರಿ, ಹುರಿಯೊಳಗೆ ಎಳೆ, ಎಳೆಯೊಳಗೆ ನಾರು. ಸ್ನಾಯುವೂ ಹಾಗೆಯೇ ಕಟ್ಟಿನೊಳಗೆ ಕಟ್ಟು. ಕೂದಲಿನಷ್ಟು ತೆಳ್ಳಗಿರುವ, ಹಲವು ಸೆಂಟಿಮೀಟರ್ ಉದ್ದ ಇರಬಹುದಾದ ಒಂದೊಂದು ನಾರೂ ಒಂದೊಂದು ಜೀವಕೋಶ. ಅದರೊಳಗೆ ಇನ್ನೂ ಸಣ್ಣ ಎಳೆಗಳು. ಆ ಎಳೆಗಳ ಉದ್ದಕ್ಕೂ ರೈಲು ಡಬ್ಬಿಗಳ ಹಾಗೆ ಒಂದರ ಹಿಂದೊಂದು ಜೋಡಿಸಿದ ಪುಟ್ಟ ಅಂಕಣಗಳು. ಒಂದು ಅಂಕಣದ ಉದ್ದ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಎರಡೂವರೆ ಪಾಲು. ಒಂದು ಸೆಂಟಿಮೀಟರ್ ಎಳೆಯಲ್ಲಿ ಸುಮಾರು 4000 ಅಂಕಣ. ಪ್ರತಿ ಅಂಕಣ ಚೂರು ಚೂರು ಕುಗ್ಗಿದರೆ ಇಡೀ ಸ್ನಾಯು ಕಣ್ಣಿಗೆ ಕಾಣುವಷ್ಟು ಕುಗ್ಗುತ್ತದೆ.

ಆದರೆ ಅಂಕಣ ಹೇಗೆ ಕುಗ್ಗುತ್ತದೆ? ಒಳಗಿನ ಎಳೆಗಳೇ ಮುದುಡಿ ಗಿಡ್ಡವಾಗುತ್ತವೆ ಎಂದು ಬಹುಕಾಲ ನಂಬಿದ್ದರು. 1954ರ ಮೇ ತಿಂಗಳಲ್ಲಿ ನೇಚರ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನ ಬಂದವು. ಒಂದು ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್‌ಗೆರ್ಕೆ ಬರೆದದ್ದು, ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಬರೆದದ್ದು. ಇಬ್ಬರು ಹಕ್ಸ್‌ಲಿಗಳಿಗೂ ನೆಂಟಸ್ತಿಕೆ ಇಲ್ಲ. ಎರಡು ತಂಡಗಳು ಬೇರೆ ಬೇರೆ ಕಡೆ, ಬೇರೆ ಬೇರೆ ಸೂಕ್ಷ್ಮದರ್ಶಕ ಹಿಡಿದು, ಒಂದೇ ಸಂಗತಿ ಕಂಡಿದ್ದವು: ಎಳೆಗಳು ಗಿಡ್ಡವಾಗುವುದೇ ಇಲ್ಲ, ಒಂದರ ಪಕ್ಕ ಒಂದು ಜಾರುತ್ತವೆ. ಎರಡೂ ಕೈಯ ಬೆರಳುಗಳ ತುದಿಗಳನ್ನು ಒಂದರ ಸಂದಿಯಲ್ಲಿ ಒಂದು ಸೇರಿಸಿ ಒಳಕ್ಕೆ ತಳ್ಳಿ ನೋಡಿ. ಬೆರಳಿನ ಉದ್ದ ಅಷ್ಟೇ ಇದೆ, ಎರಡು ಮಣಿಕಟ್ಟುಗಳ ನಡುವಿನ ದೂರ ಕಡಿಮೆಯಾಯಿತು. ಇಷ್ಟೇ ವಿಷಯ. ಆದರೆ ಹ್ಯಾನ್ಸನ್ ಎಂಬ ಆ ಹೆಣ್ಣುಮಗಳ ಹೆಸರು ಎಷ್ಟೋ ಪಠ್ಯಗಳಲ್ಲಿ ಕಾಣುವುದಿಲ್ಲ. ಅದಕ್ಕೇ ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಜಾರಿಸುವವರು ಯಾರು? ದಪ್ಪ ಎಳೆ ಮಯೋಸಿನ್ ಎಂಬ ಪ್ರೋಟೀನಿನದು, ತೆಳು ಎಳೆ ಆಕ್ಟಿನ್ ಎಂಬುದರದು. ಪ್ರತಿ ದಪ್ಪ ಎಳೆಯಿಂದ ಸುಮಾರು 300 ಪುಟ್ಟ ಕೈಗಳು ಹೊರಚಾಚಿವೆ. ಬಾವಿಯಿಂದ ನೀರು ಸೇದಿದವರು ಇಲ್ಲಿ ಕೆಲವರಾದರೂ ಇದ್ದೀರಿ. ಒಂದು ಕೈ ಹಗ್ಗ ಹಿಡಿಯುತ್ತದೆ, ಎಳೆಯುತ್ತದೆ, ಬಿಡುತ್ತದೆ, ಮುಂದೆ ಚಾಚಿ ಮತ್ತೆ ಹಿಡಿಯುತ್ತದೆ. ಅಷ್ಟರಲ್ಲಿ ಇನ್ನೊಂದು ಕೈ ಹಿಡಿದಿರುತ್ತದೆ, ಬಿಂದಿಗೆ ಕೆಳಗೆ ಜಾರುವುದಿಲ್ಲ. ಮಯೋಸಿನ್ ಕೈಗಳೂ ಹೀಗೆಯೇ ಆಕ್ಟಿನ್ ಎಂಬ ಹಗ್ಗವನ್ನು ಸೇದುತ್ತವೆ. ಒಂದು ಎಳೆತಕ್ಕೆ ಸರಿಯುವುದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲು. ಅದನ್ನು ಕೋಟ್ಯಂತರ ಕೈಗಳು ಮತ್ತೆ ಮತ್ತೆ ಮಾಡುತ್ತವೆ.

ಬಾವಿಕಟ್ಟೆಯ ಮೇಲೆ ನಿಂತ ಹೆಂಗಸನ್ನೇ ನೆನೆಯಿರಿ. ಹಗ್ಗ ಹಿಡಿದ ಅವಳ ಬೆರಳು ಬಿಚ್ಚದೇ ಹೋದರೆ? ಎಷ್ಟೇ ಬಲ ಇದ್ದರೂ ಬಿಂದಿಗೆ ನಡುಬಾವಿಯಲ್ಲೇ ನೇತಾಡುತ್ತದೆ. ನಮ್ಮ ಸ್ನಾಯುವಿಗೆ ಇಂಧನ ಎಟಿಪಿ ಎಂಬ ಅಣು, ತಿಂದ ಅನ್ನದಿಂದ ಜೀವಕೋಶ ತಯಾರಿಸಿಕೊಳ್ಳುವಂಥದ್ದು. ಈ ಎಟಿಪಿ ಬಂದು ಮಯೋಸಿನ್ ಕೈಯ ಮೇಲೆ ಕೂತ ಕ್ಷಣ ಆಗುವ ಮೊದಲ ಕೆಲಸ ಏನು ಗೊತ್ತೇ? ಕೈ ಬಿಡುತ್ತದೆ. ಹಿಡಿತ ಸಡಿಲುತ್ತದೆ. ಆಮೇಲೆ ಎಟಿಪಿ ಒಡೆದು, ಆ ಶಕ್ತಿಯಿಂದ ಕೈ ಮುಂದಕ್ಕೆ ಚಾಚಿ ಮುಂದಿನ ಎಳೆತಕ್ಕೆ ಸಜ್ಜಾಗುತ್ತದೆ. ಮೊದಲ ಸಲ ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತಿದ್ದೆ. ಎಟಿಪಿ ಇಲ್ಲದಿದ್ದರೆ ಸ್ನಾಯು ಸಡಿಲವಾಗಿ ಬಿದ್ದುಬಿಡುತ್ತದೆ ಎಂದುಕೊಂಡಿದ್ದೆ. ಹಾಗಲ್ಲ, ಅದು ಹಿಡಿದಲ್ಲೇ ಬಿಗಿದು ನಿಲ್ಲುತ್ತದೆ.

ಇದು ನಮ್ಮ ಹಿರಿಯರಿಗೆ ಗೊತ್ತಿತ್ತು. ಎಟಿಪಿಯ ಹೆಸರು ಗೊತ್ತಿರಲಿಲ್ಲ ಅಷ್ಟೇ. ನನ್ನ ಅಜ್ಜಿ ತೀರಿಕೊಂಡಾಗ ನನಗೆ ಹನ್ನೆರಡು ವರ್ಷ. ಮನೆಯವರೆಲ್ಲ ಅಳುತ್ತಿದ್ದರು. ಪಕ್ಕದ ಮನೆಯ ಹಿರಿಯಮ್ಮ ಒಬ್ಬರು ಮಾತ್ರ ಅಳದೆ ಒಳಗೆ ಬಂದರು, ಅಜ್ಜಿಯ ರೆಪ್ಪೆಗಳನ್ನು ಅಂಗೈಯಿಂದ ಸವರಿ ಮುಚ್ಚಿದರು. ಹಳೇ ಸೀರೆಯ ಅಂಚು ಹರಿದು ಗಲ್ಲದಿಂದ ನೆತ್ತಿಗೆ ಸುತ್ತಿ ಗಂಟು ಹಾಕಿದರು. ಕೈಕಾಲು ನೇರ ಮಾಡಿ, ಕಾಲಿನ ಎರಡು ಹೆಬ್ಬೆರಳು ಜೋಡಿಸಿ ಕಟ್ಟಿದರು. ನಾನು ನೋಡುತ್ತ ನಿಂತಿದ್ದೆ. “ಈಗಲೇ ಮಾಡ್ಬೇಕು ಮಗಾ, ಆಮೇಲೆ ಸೆಟೆದುಕೊಂಡುಬಿಡ್ತದೆ” ಅಂದರು. ಉಸಿರು ನಿಂತ ಮೇಲೆ ಎಟಿಪಿ ತಯಾರಾಗುವುದಿಲ್ಲ, ಇದ್ದದ್ದು ಖರ್ಚಾಗುತ್ತದೆ. ಕೆಲವೇ ಗಂಟೆಗಳಲ್ಲಿ ಮೊದಲು ರೆಪ್ಪೆ, ದವಡೆ, ಕುತ್ತಿಗೆ, ಆಮೇಲೆ ಕೈಕಾಲು ಬಿಗಿಯುತ್ತವೆ. ನಮ್ಮ ಸೆಕೆಯ ನಾಡಿನಲ್ಲಿ ಇನ್ನೂ ಬೇಗ. ಒಂದೆರಡು ದಿನದ ಮೇಲೆ ಆ ಬಿಗುವು ಹೋಗುತ್ತದೆ, ಆದರೆ ಅದು ಕೈ ಬಿಟ್ಟಿದ್ದಲ್ಲ. ಪ್ರೋಟೀನುಗಳೇ ಕೊಳೆತು ಕೈ ಕಳಚಿದ್ದು.

ಬದುಕಿರುವಾಗ ಈ ಕೈಗಳಿಗೆ ಹಿಡಿ, ಬಿಡು ಎಂದು ಹೇಳುವುದು ಕ್ಯಾಲ್ಸಿಯಂ. ನರದಿಂದ ಸಂದೇಶ ಬಂದಾಗ ಸ್ನಾಯುಕೋಶದ ಒಳಚೀಲಗಳಿಂದ ಕ್ಯಾಲ್ಸಿಯಂ ಹೊರಗೆ ನುಗ್ಗುತ್ತದೆ, ಆಕ್ಟಿನ್ ಮೇಲಿನ ಮುಚ್ಚಳದಂಥ ಪ್ರೋಟೀನು ಪಕ್ಕಕ್ಕೆ ಸರಿಯುತ್ತದೆ, ಕೈಗಳು ಹಿಡಿಯುತ್ತವೆ. ಬಿಡಬೇಕೆಂದರೆ ಆ ಕ್ಯಾಲ್ಸಿಯಮ್ಮನ್ನು ಮತ್ತೆ ಚೀಲಕ್ಕೆ ತುಂಬಬೇಕು. ಹೊರಗೆ ಬರುವಾಗ ಅದು ತಾನಾಗಿ ಬರುತ್ತದೆ, ಕಾಲುವೆಯ ತೂಬು ಎತ್ತಿದ ಹಾಗೆ. ಒಳಗೆ ಹೋಗಲು ಪಂಪು ಹೊಡೆಯಬೇಕು. ಆ ಪಂಪಿಗೂ ಎಟಿಪಿಯೇ ಬೇಕು. ಬಿಡುವುದಕ್ಕೆ ಎರಡನೇ ಖರ್ಚು ಇದು.

ಕ್ಯಾಲ್ಸಿಯಂ ಮಹಿಮೆ ಗೊತ್ತಾದದ್ದು ನಲ್ಲಿ ನೀರಿನಿಂದ. 1880ರ ದಶಕದ ಆರಂಭದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಬಡಿಸುತ್ತಿದ್ದರು. ಗಂಟೆಗಟ್ಟಲೆ ಬಡಿಯುತ್ತಿತ್ತು. ಆಮೇಲೆ ತಿಳಿಯಿತು, ಆ ದ್ರಾವಣವನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿರಲಿಲ್ಲ, ನಲ್ಲಿ ನೀರಿನಲ್ಲಿ ಮಾಡಿದ್ದರು. ಬಟ್ಟಿ ನೀರಿನಲ್ಲಿ ಮಾಡಿದರೆ ಹೃದಯ ನಿಂತುಹೋಯಿತು. ಲಂಡನ್ನಿನ ನಲ್ಲಿ ನೀರು ನಮ್ಮ ಬೋರ್‌ವೆಲ್ ನೀರಿನ ಹಾಗೆ ಗಡಸು, ಅದರಲ್ಲಿ ಕ್ಯಾಲ್ಸಿಯಂ ಇತ್ತು. 1883ರಲ್ಲಿ ರಿಂಗರ್ ತಮ್ಮ ಹಿಂದಿನ ಬರಹವನ್ನು ತಾವೇ ತಿದ್ದಿ ಇದನ್ನು ಪ್ರಕಟಿಸಿದರು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಾಂತಿಭೇದಿಯಾದವರಿಗೆ ತೂಗುಹಾಕುವ ಆರ್‌ಎಲ್ ಬಾಟಲಿ ಇದೆಯಲ್ಲ, ಅದರ ಆರ್ ಎಂದರೆ ರಿಂಗರ್. ಎಲ್ ಎಂದರೆ ಆಮೇಲೆ ಸೇರಿಸಿದ ಲ್ಯಾಕ್ಟೇಟ್.

ಇಲ್ಲಿರುವ ರೈತರಿಗೆ ಮುಖ್ಯವಾದ ಸಂಗತಿ ಮುಂದಿನದು. ನರದ ತುದಿ ಸ್ನಾಯುವನ್ನು ನೇರ ಮುಟ್ಟುವುದಿಲ್ಲ, ನಡುವೆ ಕಿರಿದಾದ ಸಂದು. ಆ ಸಂದಿನಲ್ಲಿ ನರ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕವನ್ನು ಚೆಲ್ಲುತ್ತದೆ. ಬೀಗಕ್ಕೆ ಕೀಲಿ ಹೊಕ್ಕ ಹಾಗೆ ಅದು ಸ್ನಾಯುವಿನ ಮೇಲಿನ ಗ್ರಾಹಕಕ್ಕೆ ಹೊಕ್ಕಾಗ ಸ್ನಾಯು ಎಳೆಯುತ್ತದೆ. ಕೂಡಲೇ ಒಂದು ಕಿಣ್ವ ಆ ಕೀಲಿಯನ್ನು ಕತ್ತರಿಸಿ ಹಾಕುತ್ತದೆ, ಮುಂದಿನ ಸಂದೇಶಕ್ಕೆ ಬೀಗ ಖಾಲಿಯಾಗುತ್ತದೆ.

ನಾಗರಹಾವಿನ ವಿಷ ಆ ಬೀಗದಲ್ಲಿ ತಾನೇ ಹೋಗಿ ಕೂರುತ್ತದೆ. ಕೀಲಿಗೆ ಜಾಗವಿಲ್ಲ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುತ್ತದೆ, ಕೀಲಿಯೇ ಬರುವುದಿಲ್ಲ. ಎರಡರಲ್ಲೂ ಮೊದಲು ಸೋಲುವುದು ರೆಪ್ಪೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಎಷ್ಟೋ ಸಲ ನೋವಿರುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಿಗ್ಗೆ ಎದ್ದವರ ರೆಪ್ಪೆ ಜೋಲುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಉಗುಳು ನುಂಗಲಾಗದಿದ್ದರೆ ನಿದ್ದೆಗಣ್ಣು ಎಂದು ಬಿಡಬೇಡಿ, ಆಸ್ಪತ್ರೆಗೆ ಓಡಿ. ಕೊನೆಗೆ ಸೋಲುವುದು ವಪೆ, ಎದೆಗೂ ಹೊಟ್ಟೆಗೂ ನಡುವೆ ಇರುವ ಉಸಿರಿನ ಸ್ನಾಯು. ಅದು ನಿಂತರೆ ಉಸಿರು ನಿಲ್ಲುತ್ತದೆ. ವೆಂಟಿಲೇಟರ್ ಹಾಕಿ ಉಸಿರು ನಡೆಸಿದರೆ ಸ್ನಾಯುಗಳು ಮತ್ತೆ ಚೇತರಿಸಿಕೊಳ್ಳುತ್ತವೆ. ಇನ್ನೊಂದು ಮಾತು ನೆನಪಿಡಿ. ಹಾಗೆ ಮಲಗಿರುವವರಿಗೆ ಎಷ್ಟೋ ವೇಳೆ ಪ್ರಜ್ಞೆ ಇರುತ್ತದೆ. ಕಣ್ಣು ತೆರೆಯಲಾಗುವುದಿಲ್ಲ, ಬೆರಳು ಆಡಿಸಲಾಗುವುದಿಲ್ಲ, ಆದರೆ ನೀವು ಹಾಸಿಗೆ ಪಕ್ಕ ನಿಂತು ಆಡುವ ಮಾತು ಕಿವಿಗೆ ಬೀಳುತ್ತಿರುತ್ತದೆ. ಧೈರ್ಯದ ಮಾತಾಡಿ.

ಕೀಟನಾಶಕಗಳ ದಾರಿ ಇದಕ್ಕೆ ತಿರುಗುಮುರುಗು. ಆರ್ಗನೋಫಾಸ್ಫೇಟ್ ಗುಂಪಿನ ಔಷಧಿಗಳು ಕೀಲಿ ಕತ್ತರಿಸುವ ಕಿಣ್ವವನ್ನೇ ಕೊಲ್ಲುತ್ತವೆ. ಬೀಗದಲ್ಲಿ ಕೀಲಿ ಹಾಗೇ ಉಳಿಯುತ್ತದೆ. ಸ್ನಾಯುಗಳು ಮೊದಲು ಹುಳ ಹರಿದ ಹಾಗೆ ಅದುರುತ್ತವೆ, ಬಾಯಲ್ಲಿ ನೀರು ಸುರಿಯುತ್ತದೆ, ಬಿಡುವೇ ಸಿಗದ ಸ್ನಾಯು ಕೊನೆಗೆ ಸೋತು ಬೀಳುತ್ತದೆ. ಅಲ್ಲಿಯೂ ಹೆಚ್ಚಾಗಿ ಪ್ರಾಣ ಹೋಗುವುದು ಉಸಿರು ಕೈಕೊಟ್ಟಾಗಲೇ. ಈ ವಿಷ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಬರಿಮೈಯಲ್ಲಿ, ಗಾಳಿಗೆ ಎದುರಾಗಿ ನಿಂತು ಸಿಂಪಡಿಸಬೇಡಿ. ಔಷಧಿ ಬಿದ್ದ ಬಟ್ಟೆಯಲ್ಲೇ ಊಟಕ್ಕೆ ಕೂರಬೇಡಿ. ದಯವಿಟ್ಟು.

ಬಿಡಲಾಗದ ಸ್ಥಿತಿಯ ಅತಿ ಘೋರ ರೂಪಕ್ಕೆ ನಮ್ಮವರು ಇಟ್ಟ ಹೆಸರು ಧನುರ್ವಾಯು. ರಟ್ಟೆಯ ಮುಂದಿನ ಸ್ನಾಯು ಎಳೆಯುವಾಗ ಹಿಂದಿನದಕ್ಕೆ ನೀನು ಸುಮ್ಮನಿರು ಎಂದು ಬೆನ್ನುಹುರಿ ಹೇಳುತ್ತಿರುತ್ತದೆ. ಅದಕ್ಕೇ ನೀವು ಆಗ ಮುಟ್ಟಿದಾಗ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಮೆತ್ತಗೆ. ಗಾಯದಲ್ಲಿ ಹುಟ್ಟಿದ ಟೆಟನಸ್ ವಿಷ ನರದ ಗುಂಟ ಬೆನ್ನುಹುರಿಗೆ ಏರಿ ಆ ಸುಮ್ಮನಿರು ಎಂಬ ಮಾತನ್ನೇ ಅಡಗಿಸುತ್ತದೆ. ಎದುರುಬದುರು ಸ್ನಾಯುಗಳು ಏಕಕಾಲಕ್ಕೆ ಎಳೆಯುತ್ತವೆ. ದವಡೆ ಕಚ್ಚಿಕೊಳ್ಳುತ್ತದೆ. ಹೊಟ್ಟೆಯ ಸ್ನಾಯುಗಳಿಗಿಂತ ಬೆನ್ನಿನವು ಬಲಶಾಲಿ, ಹಾಗಾಗಿ ಮೈ ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತದೆ. ಚುಚ್ಚುಮದ್ದಿನ ದೆಸೆಯಿಂದ ಇಲ್ಲಿರುವ ಮಕ್ಕಳು ಯಾರೂ ಇದನ್ನು ಕಂಡಿರಲಿಕ್ಕಿಲ್ಲ.

ಹೃದಯದ ಸ್ನಾಯು ಮಾತ್ರ ಹೀಗೆ ಸೆಟೆದುಕೊಳ್ಳದ ಹಾಗೆ ಕಟ್ಟಲ್ಪಟ್ಟಿದೆ. ಒಮ್ಮೆ ಬಡಿದ ಮೇಲೆ ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು ಅದಕ್ಕೆ ಯಾವ ಸಂದೇಶವೂ ತಾಗುವುದಿಲ್ಲ. ಬಿಟ್ಟೇ ತೀರಬೇಕು. ದಿನಕ್ಕೆ ಸುಮಾರು ಒಂದು ಲಕ್ಷ ಬಡಿತ, ಒಂದು ಲಕ್ಷ ಬಿಡುವು. ಮೈಗೆಲ್ಲ ರಕ್ತ ನೂಕುವ ಎಡಭಾಗದ ಗೋಡೆಗೆ ತನ್ನ ಪಾಲಿನ ರಕ್ತ ಸಿಗುವುದು ಬಹುಪಾಲು ಆ ಬಿಡುವಿನಲ್ಲೇ. ಬಿಗಿಹಿಡಿದಾಗ ಗೋಡೆಯೊಳಗಿನ ರಕ್ತನಾಳಗಳು ಹಿಂಡಿಹೋಗುತ್ತವೆ, ಸಡಿಲಿಸಿದಾಗ ತೆರೆದುಕೊಳ್ಳುತ್ತವೆ. ಬಸುರಿಯ ಗರ್ಭಕೋಶವೂ ಹಾಗೆಯೇ. ಹೆರಿಗೆ ನೋವು ಬಂದು ಹೋಗಿ, ಬಂದು ಹೋಗಿ ಮಾಡುವುದು ಏಕೆ? ನೋವು ಬಂದಾಗ ಮಗುವಿನ ಕಡೆ ಹೋಗುವ ರಕ್ತ ಕಡಿಮೆಯಾಗುತ್ತದೆ, ನೋವಿನ ನಡುವಿನ ಬಿಡುವಿನಲ್ಲಿ ಮತ್ತೆ ಹರಿಯುತ್ತದೆ. ಮಗು ಉಸಿರು ತುಂಬಿಕೊಳ್ಳುವುದು ಆ ಬಿಡುವಿನಲ್ಲಿ. ಕಸ, ಅಂದರೆ ಮಾಸು, ಬಿದ್ದ ಮೇಲೆ ಮಾತ್ರ ಗರ್ಭಕೋಶ ಬಿಡಬಾರದು, ಕಲ್ಲಿನ ಹಾಗೆ ಗಟ್ಟಿಯಾಗಿ ರಕ್ತನಾಳಗಳನ್ನು ಹಿಸುಕಿ ಹಿಡಿಯಬೇಕು. ಅಲ್ಲಿ ಸಡಿಲವಾದರೆ ತಾಯಿ ರಕ್ತಸ್ರಾವದಿಂದ ಹೋಗಿಬಿಡುತ್ತಾಳೆ. ಹೆರಿಗೆ ಆದ ಕೂಡಲೇ ನರ್ಸಮ್ಮ ಕೊಡುವ ಆಕ್ಸಿಟೋಸಿನ್ ಇಂಜೆಕ್ಷನ್ ಅದಕ್ಕೇ.

ಹುಡುಗರಿಗಾಗಿ ಒಂದು ಸಂಗತಿ. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವಾಗ ಹಗುರ ಅನ್ನಿಸುತ್ತದೆ. ಮಾರನೇ ದಿನ ತೊಡೆ ಮುಟ್ಟಲಾಗದಷ್ಟು ನೋಯುವುದು ಹತ್ತಿದ್ದರಿಂದ ಅಂದುಕೊಳ್ಳುತ್ತೀರಿ. ಹೆಚ್ಚಿನ ಪಾಲು ಇಳಿದದ್ದರಿಂದ. ತುಂಬಿದ ಬಿಂದಿಗೆಯನ್ನು ಬಾವಿಗೆ ಮೆಲ್ಲಗೆ ಇಳಿಬಿಟ್ಟು ನೋಡಿ, ಹಗ್ಗ ಅಂಗೈ ತರಚುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಹಿಡಿದುಕೊಂಡೇ ಉದ್ದವಾಗಬೇಕು, ಹಿಡಿದ ಕೈಗಳನ್ನು ದೇಹದ ಭಾರ ಕಿತ್ತುಕೊಂಡು ಹೋಗುತ್ತದೆ. ಅಂಕಣಗಳು ಅಲ್ಲಲ್ಲಿ ಹರಿಯುತ್ತವೆ, ಒಂದೆರಡು ದಿನ ಬಾವು, ನೋವು. ಲ್ಯಾಕ್ಟಿಕ್ ಆಮ್ಲ ಕೂತಿದೆ ಎಂದು ಜಿಮ್ಮಿನಲ್ಲಿ ಹೇಳುತ್ತಾರೆ, ಅದು ಸರಿಯಲ್ಲ. ಅದು ಒಂದೆರಡು ಗಂಟೆಯಲ್ಲೇ ಕರಗಿಹೋಗಿರುತ್ತದೆ. ಹರಿದದ್ದು ಮೊದಲಿಗಿಂತ ಗಟ್ಟಿಯಾಗಿ ಹೆಣೆದುಕೊಳ್ಳುತ್ತದೆ, ಮುಂದಿನ ವಾರ ಅದೇ ಮೆಟ್ಟಿಲಿಗೆ ಅಷ್ಟು ನೋವಿರುವುದಿಲ್ಲ.

ಮಾತು ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಎದ್ದು ನಿಂತರು. ಯಜಮಾನರಿಗೆ ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. “ಮೊದಮೊದಲು ಕೈ ಜೋತು ಬಿದ್ದಿತ್ತು ಸಾರ್, ಈಗ ಮುಷ್ಟಿ ಬಿಗಿದುಬಿಟ್ಟದೆ. ಸ್ನಾನ ಮಾಡಿಸುವಾಗ ಬೆರಳು ಬಿಚ್ಚಕ್ಕೇ ಆಗಲ್ಲ. ಒಳಗೆ ಉಗುರು ಚುಚ್ಚಿ ಗಾಯ ಆಗಿದೆ. ಬಲವಂತ ಮಾಡಿದ್ರೆ ಇನ್ನೂ ಬಿಗೀತಾರೆ.”

ಅವರು ಬೇಕೆಂದು ಬಿಗಿಯುತ್ತಿಲ್ಲ ತಾಯಿ, ಎಂದೆ. ಬೆನ್ನುಹುರಿಯನ್ನು ತಡೆದು ಹಿಡಿದಿದ್ದ ಮೆದುಳಿನ ದಾರಿ ಕಡಿದುಹೋಗಿದೆ. ಥಟ್ಟನೆ ಎಳೆದಷ್ಟೂ ಸ್ನಾಯು ಎದುರೆಳೆಯುತ್ತದೆ. ಬೆರಳಿಗೆ ಕೈ ಹಾಕಬೇಡಿ, ಮಣಿಕಟ್ಟಿಗೆ ಹಾಕಿ. ನೀವೇ ಮಾಡಿ ನೋಡಿ: ಮುಷ್ಟಿ ಕಟ್ಟಿ, ಈಗ ಇನ್ನೊಂದು ಕೈಯಿಂದ ಮಣಿಕಟ್ಟನ್ನು ಮೆಲ್ಲಗೆ ಒಳಕ್ಕೆ, ಅಂಗೈ ಕಡೆಗೆ ಬಗ್ಗಿಸಿ. ಬೆರಳು ಮಡಚುವ ಸ್ನಾಯುಗಳು ಮುಂಗೈಯಲ್ಲಿವೆ, ಅವುಗಳ ರಜ್ಜುಗಳು ಮಣಿಕಟ್ಟು ದಾಟಿ ಬೆರಳಿಗೆ ಹೋಗುತ್ತವೆ. ಮಣಿಕಟ್ಟು ಒಳಕ್ಕೆ ಬಗ್ಗಿದರೆ ಆ ಹಗ್ಗ ಸಡಿಲವಾಗುತ್ತದೆ. ಬೆರಳು ತಾನಾಗಿ ಅರಳುತ್ತದೆ. ಆಗ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಅಂಗೈ ಒರೆಸಿ, ಉಗುರು ಕತ್ತರಿಸಿ, ಒಂದು ಸಣ್ಣ ಬಟ್ಟೆಯ ಸುರುಳಿ ಇಡಿ. ನಾಳೆ ಅವರನ್ನು ಕರೆದುಕೊಂಡು ಬನ್ನಿ, ಗಾಯವನ್ನೂ ನೋಡೋಣ.

ಆ ಅಮ್ಮ ಅಲ್ಲೇ ನಿಂತು ಬಲಮುಷ್ಟಿ ಕಟ್ಟಿದರು. ಎಡಗೈಯಿಂದ ಮಣಿಕಟ್ಟನ್ನು ಬಗ್ಗಿಸಿದರು. ಬೆರಳುಗಳು ಬಿಚ್ಚಿಕೊಂಡವು. ಇನ್ನೊಮ್ಮೆ ಮಾಡಿದರು. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳ ಕೈ ಹಿಡಿದು, ಅವಳಿಗೂ ಮುಷ್ಟಿ ಕಟ್ಟು ಎಂದು ಹೇಳಿ, ಮೂರನೇ ಸಲ ಮಾಡಿದರು.